ಬಾಗಿಲಿಲ್ಲದ ಮನೆಗಳ ಊರು

ಮಗಳ ಬಾಣಂತನಕ್ಕೆಂದು ನಾನು ಐರ್ಲೆಂಡಿಗೆ ಹೋದದ್ದು. ಆ ದೇಶದ ಪಶ್ಚಿಮದ ಅಂಚಿನಲ್ಲಿ ಮೇಯೋ ಎಂಬ ಜಿಲ್ಲೆಯಿದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸು. ಎಣ್ಣೆನೀರು, ಬೆಳ್ಳುಳ್ಳಿ ಲೇಹ್ಯ, ಎಷ್ಟು ದಿನವಾದರೂ ಕೂಸಿನ ಬಟ್ಟೆ ಒಣಗಗೊಡದ ಮಳೆ, ಇಷ್ಟರಲ್ಲೇ ನನ್ನ ಐರ್ಲೆಂಡು ಮುಗಿದುಹೋಗುತ್ತಿತ್ತು, ಪಕ್ಕದ ಮನೆಯ ಅಜ್ಜಿ ಇಲ್ಲದಿದ್ದರೆ. ಎಂಬತ್ತು ದಾಟಿದ ಜೀವ. ಕೂಸನ್ನು ನೋಡಲು ಬಂದ ಮೊದಲ ದಿನವೇ ನನ್ನ ಕೈ ಹಿಡಿದುಕೊಂಡು ಕೇಳಿದರು: "ನಿಮ್ಮ ಟೌನ್‌ಲ್ಯಾಂಡ್ ಯಾವುದು?"

ನಾನು ತಬ್ಬಿಬ್ಬಾದೆ. ಟೌನ್ ಎಂದರೆ ಪೇಟೆಯಲ್ಲವೇ? "ನಮ್ಮದು ಪೇಟೆಯಲ್ಲ, ಹಳ್ಳಿ" ಎಂದೆ. ಅಜ್ಜಿ ನಕ್ಕರು. ಮಗಳು ನಡುವೆ ಬಂದು, "ಅಮ್ಮಾ, ಟೌನ್‌ಲ್ಯಾಂಡ್ ಅಂದ್ರೆ ಪೇಟೆ ಅಲ್ಲ. ನಿನ್ನ ಊರು ಯಾವುದು ಅಂತ ಕೇಳ್ತಿದಾರೆ" ಎಂದಳು.

ಆಮೇಲೆ ತಿಳಿಯಿತು. ಐರ್ಲೆಂಡಿನ ನೆಲವೆಲ್ಲ ಅರವತ್ತು ಸಾವಿರಕ್ಕೂ ಹೆಚ್ಚು ಟೌನ್‌ಲ್ಯಾಂಡುಗಳಾಗಿ ಹಂಚಿಹೋಗಿದೆ. ಒಂದು ತೊರೆ, ಒಂದು ಗುಡ್ಡದ ಏಣು, ಒಂದು ಕಲ್ಲಿನ ಪಾಗಾರ, ಹೀಗೆ ಅದಕ್ಕೊಂದು ಗಡಿ. ಕೆಲವಕ್ಕೆ ಹತ್ತಾರು ಎಕರೆ, ಕೆಲವಕ್ಕೆ ಸಾವಿರಾರು. ಒಳಗೆ ನಾಲ್ಕು ಮನೆ ಇರಬಹುದು, ನಲವತ್ತಿರಬಹುದು, ಒಂದೂ ಇಲ್ಲದಿರಬಹುದು. ಇಂಗ್ಲಿಷರು ಬರುವ ಮೊದಲಿನಿಂದಲೂ ಬಂದ ವಿಭಾಗ ಇದು. 2015ರಲ್ಲಿ ಅಂಚೆಯ ಕೋಡು ಬರುವವರೆಗೆ ಹಳ್ಳಿಯ ಮನೆಗಳಿಗೆ ನಂಬರೇ ಇರಲಿಲ್ಲ. ಹೆಸರು, ಟೌನ್‌ಲ್ಯಾಂಡು, ಜಿಲ್ಲೆ ಬರೆದರೆ ಸಾಕು, ಉಳಿದದ್ದು ಪೋಸ್ಟ್‌ಮ್ಯಾನಿಗೆ ಗೊತ್ತು. ಐರಿಶ್ ಭಾಷೆಯಲ್ಲಿ ಇದಕ್ಕಿರುವ ಮಾತು 'ಬಾಲ್ಯೆ'. ಊರಿಗೂ ಅದೇ ಮಾತು, ಮನೆಗೂ ಅದೇ ಮಾತು. 'ಮನೆಯಲ್ಲಿದ್ದೇನೆ' ಎನ್ನಲು ಅವರು 'ಬಾಲ್ಯೆಯಲ್ಲಿದ್ದೇನೆ' ಎನ್ನುತ್ತಾರೆ. ಹೆಂಗಸರು ಊರಿಗೆ ಹೋಗಿ ಬರುತ್ತೇನೆ ಎಂದರೆ ತವರಿಗೆ ಎಂದೇ ಅರ್ಥವಾಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಯ ಅಜ್ಜಿ ಅಕಿಲ್ ದ್ವೀಪದವರು. "ಇಷ್ಟು ದೂರ ಬಂದಿದ್ದೀರಿ, ಸ್ಲೀವ್‌ಮೋರ್ ನೋಡದೆ ಹೋಗಬೇಡಿ" ಎಂದು ಆಕೆ ಹೇಳುತ್ತಲೇ ಇದ್ದರು. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಅಳಿಯ ಕಾರು ಹೊರಡಿಸಿದರು.

ಐರ್ಲೆಂಡಿನ ಕರಾವಳಿಯ ದ್ವೀಪಗಳಲ್ಲೆಲ್ಲ ಅಕಿಲ್ ದೊಡ್ಡದು. ನಡುವಿನ ಕಿರಿದಾದ ಕಡಲಿಗೆ 1887ರಲ್ಲಿ ಮೊದಲ ಸೇತುವೆ ಬಂತು. ಅದಕ್ಕೆ ಮೈಕೆಲ್ ಡೇವಿಟ್‌ನ ಹೆಸರು. ಮೇಯೋ ಜಿಲ್ಲೆಯಲ್ಲೇ ಹುಟ್ಟಿ, ಬಾಲ್ಯದಲ್ಲಿ ಜಮೀನ್ದಾರ ಮನೆಯಿಂದ ಹೊರಹಾಕಿದ ಸಂಸಾರದ ಹುಡುಗ ಆತ. ದೊಡ್ಡವನಾಗಿ 1879ರಲ್ಲಿ ಗೇಣಿದಾರರ ಭೂಸಂಘ ಕಟ್ಟಿದವನು. ಸೇತುವೆ ದಾಟಿ ಮುಂದೆ ಹೋದಂತೆ ಮರಗಳು ಮಾಯವಾದವು. ಕಂದು ಬಣ್ಣದ ಜೌಗು ನೆಲ, ಕುರಿ, ಗಾಳಿ. ಎದುರಿಗೆ 671 ಮೀಟರಿನ ಬೆಟ್ಟ, ತಲೆಯ ಮೇಲೆ ಮೋಡದ ಮುಸುಕು. ಅದೇ ಸ್ಲೀವ್‌ಮೋರ್. ಹೆಸರಿನ ಅರ್ಥವೇನೆಂದು ಕೇಳಿದರೆ, ದೊಡ್ಡ ಬೆಟ್ಟ! ಆ ಬೆಟ್ಟದ ಹೆಸರೇ ಅದರ ಮಗ್ಗುಲಿನ ಟೌನ್‌ಲ್ಯಾಂಡಿಗೂ.

ದಕ್ಷಿಣದ ಇಳಿಜಾರಿನಲ್ಲಿ ಸ್ಮಶಾನವೊಂದಿದೆ. ಅದನ್ನು ದಾಟಿದರೆ ಊರು. ಸುಮಾರು ಒಂದು ಮೈಲಿ ಉದ್ದಕ್ಕೆ, ಹಳೆಯ ದಾರಿಯ ಅಂಚಿನಲ್ಲಿ ಎಂಬತ್ತರಿಂದ ನೂರು ಕಲ್ಲಿನ ಮನೆಗಳು. ಒಂದಕ್ಕೂ ಚಾವಣಿಯಿಲ್ಲ, ಬಾಗಿಲಿಲ್ಲ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಎದೆಯೆತ್ತರಕ್ಕೋ ತಲೆಯೆತ್ತರಕ್ಕೋ ನಿಂತಿವೆ. ಹೆಚ್ಚಿನವು ಒಂದೇ ಕೋಣೆಯ ಮನೆ. ಒಂದು ತುದಿಗೆ ಒಲೆ, ಮನೆಮಂದಿ. ಇನ್ನೊಂದು ತುದಿಗೆ ದನ. ಕೊಟ್ಟಿಗೆಯ ಬೆಚ್ಚನೆ ಉಸಿರಿನಲ್ಲೇ ಮಕ್ಕಳು ಮಲಗುತ್ತಿದ್ದವು. ನಾನು ಮಲೆನಾಡಿನ ಮನೆಯಲ್ಲಿ ಬೆಳೆದವಳು. ಆ ಗೋಡೆಗಳ ನಡುವೆ ನಿಂತಾಗ ಗಂಜಲದ ವಾಸನೆ ಬಂದಂತೆಯೇ ಆಯಿತು. ಅದು ಬರೀ ನೆನಪು ಅನ್ನಿ. ಅಲ್ಲಿ ಈಗಿರುವುದು ಕುರಿ ಮಾತ್ರ.

ಈ ಇಳಿಜಾರಿನಲ್ಲಿ ಮನುಷ್ಯರು ನೆಲೆಯೂರಿದ್ದು ನಿನ್ನೆ ಮೊನ್ನೆಯಲ್ಲ. ಇಲ್ಲೇ ಮೇಲ್ಗಡೆ ಸುಮಾರು 5000 ವರ್ಷ ಹಿಂದಿನ ಕಲ್ಲಿನ ಗೋರಿಗಳಿವೆ. ಅಂದರೆ ಸತ್ತವರಿಗೆ ಕಲ್ಲುಮನೆ ಕಟ್ಟುವಷ್ಟು ಈ ನೆಲಕ್ಕೆ ಆಗಲೇ ಜನ ಅಂಟಿಕೊಂಡಿದ್ದರು. ನಾವು ನೋಡಿದ ಮನೆಗಳು ಮಾತ್ರ ಇತ್ತೀಚಿನವು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಜನ ತುಂಬಿ ತುಳುಕುತ್ತಿದ್ದರು.

ಅವರು ಬೇಸಾಯ ಮಾಡುತ್ತಿದ್ದ ರೀತಿಯನ್ನು ಕೇಳಬೇಕು. 'ರನ್‌ಡೇಲ್' ಎಂದು ಅದರ ಹೆಸರು. ಮನೆಗಳೆಲ್ಲ ಒತ್ತೊತ್ತಾಗಿ ಒಂದೆಡೆ. ಸುತ್ತಲಿನ ಹೊಲ ಎಲ್ಲರಿಗೂ ಸೇರಿದ ಹಾಗೆ. ಒಂದೊಂದು ಸಂಸಾರಕ್ಕೆ ಒಳ್ಳೆಯ ಮಣ್ಣಿನಲ್ಲಿ ಒಂದು ಪಟ್ಟಿ, ಜೌಗಿನಲ್ಲಿ ಒಂದು ಪಟ್ಟಿ, ಕಲ್ಲುಮಂಟಿಯಲ್ಲಿ ಒಂದು ಪಟ್ಟಿ. ಬರೀ ಒಳ್ಳೆಯದು ಯಾರಿಗೂ ಸಿಗಬಾರದು, ಬರೀ ಕೆಟ್ಟದ್ದೂ ಯಾರ ಪಾಲಿಗೂ ಬರಬಾರದು. ಬೆಟ್ಟದ ಮೇಲಿನ ಹುಲ್ಲು ಎಲ್ಲರ ದನಕ್ಕೂ. ಹೊರಗಿನವರಿಗೆ ಇದು ಗೊಂದಲವಾಗಿ ಕಂಡಿತು. ಒಬ್ಬ ಗೇಣಿದಾರನ ಭೂಮಿ ಹತ್ತು ಕಡೆ ಚದುರಿದ್ದರೆ ಲೆಕ್ಕ ಇಡುವುದು ಹೇಗೆ? ಜಮೀನ್ದಾರರೂ ಸುಧಾರಕರೂ ಇದನ್ನು ಮುರಿಯಲೇಬೇಕೆಂದು ಹಟ ಹಿಡಿದರು. ಮಕ್ಕಳಿಗೆ ಪಾಲಾಗುತ್ತ ಆಗುತ್ತ ಪಟ್ಟಿಗಳು ಸೀರೆಯಗಲಕ್ಕೆ ಇಳಿದದ್ದೂ ನಿಜವೇ.

ಆ ಪಟ್ಟಿಗಳಲ್ಲಿ ಬೆಳೆಯುತ್ತಿದ್ದುದು ಬಹುಮಟ್ಟಿಗೆ ಆಲೂಗೆಡ್ಡೆ. ನೆಲವನ್ನು ಪೂರಾ ಅಗೆಯದೆ, ಮೇಲೆ ಕಡಲಪಾಚಿಯ ಗೊಬ್ಬರ ಹಾಸಿ, ಗೆಡ್ಡೆಯಿಟ್ಟು, ಎರಡೂ ಬದಿಯ ಹೆಂಟೆಯನ್ನು ಮಗುಚಿ ಹಾಕಿ ಏರುಮಡಿ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ 'ಸೋಮಾರಿ ಮಡಿ' ಎಂಬ ಹೆಸರು! ಒದ್ದೆ ಪಾಚಿಯ ಬುಟ್ಟಿಯನ್ನು ಬೆನ್ನಿಗೆ ಹೇರಿಕೊಂಡು ಕಡಲತೀರದಿಂದ ಬೆಟ್ಟ ಹತ್ತುತ್ತಿದ್ದವರನ್ನು, ಅವರಲ್ಲಿ ಹೆಂಗಸರೂ ಇದ್ದರು, ಆ ಹೆಸರಿಟ್ಟ ಪುಣ್ಯಾತ್ಮ ನೋಡಿರಲಿಲ್ಲವೆಂದು ಕಾಣುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಆ ಮಡಿಗಳು ಇವತ್ತಿಗೂ ಮನೆಗಳ ಸುತ್ತ ಎದ್ದು ಕಾಣುತ್ತವೆ, ಹುಲ್ಲಿನ ಕೆಳಗೆ ಯಾರೋ ಬಾಚಿಟ್ಟ ಹಾಗೆ.

ಈ ಊರಿಗೆ ಸರಕಾರದ ಕಾಗದದಲ್ಲಿ ಗಟ್ಟಿ ರೂಪ ಬಂದದ್ದು 1838ರ ಮೋಜಣಿಯಿಂದ. ಇಡೀ ಐರ್ಲೆಂಡನ್ನು ಟೌನ್‌ಲ್ಯಾಂಡು ಟೌನ್‌ಲ್ಯಾಂಡಾಗಿ ಅಳೆದು ತೆರಿಗೆ ಕಟ್ಟುವ ಕೆಲಸ 1824ರಲ್ಲಿ ಶುರುವಾಯಿತು. ಅದರ ಮುಖ್ಯಸ್ಥ ಥಾಮಸ್ ಕೋಲ್ಬಿ. ಐರಿಶ್ ಹೆಸರುಗಳನ್ನೆಲ್ಲ ಕೇಳಿ ಇಂಗ್ಲಿಷ್ ಕಾಗುಣಿತಕ್ಕೆ ಇಳಿಸಿದ್ದೂ ಆಗಲೇ. ಬಿಸಿಲಿಗೆ ಹಿಗ್ಗದೆ ಚಳಿಗೆ ಕುಗ್ಗದೆ ಅಳತೆ ಕೊಡಲೆಂದು ಕೋಲ್ಬಿ ಕಬ್ಬಿಣ, ಹಿತ್ತಾಳೆ ಎರಡನ್ನೂ ಜೋಡಿಸಿ ಹತ್ತು ಅಡಿಯ ಅಳತೆಗೋಲು ಮಾಡಿಸಿದ. ಇದನ್ನು ಓದುವಾಗ ನಾನು ಎದ್ದು ಕೂತೆ. 1829ರಲ್ಲಿ ಐರ್ಲೆಂಡಿಗೆ ಹೋಗಿ ಈ ಕೆಲಸ ನೋಡಿ ಬಂದವನು ಜಾರ್ಜ್ ಎವರೆಸ್ಟ್. ಅವನು ಅದೇ ಮಾದರಿಯ ಕೋಲುಗಳನ್ನು ಹಿಂದೂಸ್ತಾನಕ್ಕೆ ತಂದ. 1841ರಲ್ಲಿ ಬೀದರಿನಲ್ಲಿ, 1868ರಲ್ಲಿ ಬೆಂಗಳೂರಿನಲ್ಲಿ ಮೂಲರೇಖೆ ಅಳೆದದ್ದು ಆ ಕೋಲುಗಳಿಂದಲೇ. ಅವರ ಆಲೂಗೆಡ್ಡೆಯ ಮಡಿಯನ್ನೂ ನಮ್ಮ ರಾಗಿಯ ಹೊಲವನ್ನೂ ಅಳೆಯಲು ಹೊರಟವರು ಒಂದೇ ಜನ, ಒಂದೇ ಕೋಲು.

ಆ ಹೊತ್ತಿಗೆ ಬೆಟ್ಟದ ಆಚೆ ಮಗ್ಗುಲಿಗೆ ಇನ್ನೊಂದು ಊರು ಎದ್ದಿತ್ತು. 1831ರ ಅಭಾವದ ಕಾಲದಲ್ಲಿ ಪರಿಹಾರದ ಹಡಗಿನೊಡನೆ ಬಂದ ಎಡ್ವರ್ಡ್ ನ್ಯಾಂಗಲ್ ಎಂಬ ಪ್ರಾಟೆಸ್ಟಂಟ್ ಪಾದ್ರಿ, ಡೂಗೋರ್ಟ್ ಎಂಬಲ್ಲಿ ಜೌಗು ಬಸಿಸಿ ವಸಾಹತು ಕಟ್ಟಿದ. ಸಾಲುಮನೆ, ಶಾಲೆ, ಅನಾಥಾಲಯ, ಅಚ್ಚುಕೂಟ, ಸ್ವಂತ ಪತ್ರಿಕೆ. ಕ್ಯಾಥೊಲಿಕರಾದ ದ್ವೀಪದ ಜನರನ್ನು ತನ್ನ ಮತಕ್ಕೆ ತರುವುದು ಅವನ ಗುರಿ. ಕ್ಯಾಥೊಲಿಕ್ ಆರ್ಚ್‌ಬಿಷಪ್ ಜಾನ್ ಮಕ್‌ಹೇಲ್ ಸುಮ್ಮನಿರುತ್ತಾರೆಯೇ? ಅವರೂ ಎದುರಿಗೆ ಶಾಲೆ ತೆಗೆಸಿದರು. ಇಬ್ಬರ ಜಗಳದ ನಡುವೆ ಸಿಕ್ಕಿಕೊಂಡವರು ಮಕ್ಕಳ ಹಸಿವು ನೋಡಲಾರದ ತಾಯಂದಿರು. ಅನ್ನ ಬೇಕೆಂದರೆ ಯಾವ ಶಾಲೆಗೆ ಕಳಿಸಬೇಕು, ಮುಂದೆ ಯಾವ ಬಾವಿಕಟ್ಟೆಯಲ್ಲಿ ಯಾರು ಮಾತು ಬಿಡುತ್ತಾರೆ ಎಂಬ ಲೆಕ್ಕ ಅವರದು. ನ್ಯಾಂಗಲ್‌ನ ಹೆಂಡತಿ ಎಲೈಜಾಳ ಪಾಡೂ ಹಗುರದ್ದಲ್ಲ. ಗಂಡನ ಹಟದ ಹಿಂದೆ ಈ ಗಾಳಿಗುಡ್ಡಕ್ಕೆ ಬಂದು, ಹಲವು ಎಳೆಗೂಸುಗಳನ್ನು ಇಲ್ಲೇ ಮಣ್ಣುಮಾಡಿ, 1850ರಲ್ಲಿ ತಾನೂ ಅದೇ ಮಣ್ಣಿಗೆ ಸೇರಿದಳು.

1845ರಲ್ಲಿ ಅಸೆನಾತ್ ನಿಕೊಲ್ಸನ್ ಎಂಬಾಕೆ ಈ ವಸಾಹತಿಗೆ ಬಂದಳು. ನ್ಯೂಯಾರ್ಕಿನಲ್ಲಿ ಊಟ ವಸತಿಯ ಮನೆ ನಡೆಸುತ್ತಿದ್ದ ವಿಧವೆ. ಮಾಂಸ ಮುಟ್ಟದವಳು. ಬಡವರ ಮನೆಗಳಲ್ಲಿ ತಂಗುತ್ತ, ಬಹಳಷ್ಟು ದಾರಿಯನ್ನು ನಡೆದೇ, ಒಬ್ಬಳೇ ಐರ್ಲೆಂಡು ಸುತ್ತಿದವಳು. ಆಕೆಯೂ ಪ್ರಾಟೆಸ್ಟಂಟಳೇ. ಆದರೂ ವಸಾಹತಿನಲ್ಲಿ ಕಂಡ ಬಿಗುಮಾನ, ಕೂಲಿಯವರಿಗೆ ಕೊಡುತ್ತಿದ್ದ ಅಲ್ಪ ಸಂಬಳ ಆಕೆಗೆ ಸರಿಬರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದಳು. ನ್ಯಾಂಗಲ್‌ನ ಪತ್ರಿಕೆ ಆಕೆಯ ಮೇಲೆ ಹರಿಹಾಯಿತು. ಒಂಟಿಯಾಗಿ ತಿರುಗುವ ಹೆಂಗಸಿನ ಮೇಲೆ ಅನುಮಾನದ ಮಾತು ಆಡುವುದು ಯಾವ ದೇಶದಲ್ಲಿ ಕಷ್ಟ ಹೇಳಿ! ಅದೇ ಹೆಂಗಸು 1847ರಲ್ಲಿ ಡಬ್ಲಿನ್‌ನಲ್ಲಿ ಹಸಿದವರಿಗೆ ಗಂಜಿ ಬೇಯಿಸಿ ಹಾಕಿದಳು.

ಏಕೆಂದರೆ ಆಗ ಆಲೂಗೆಡ್ಡೆಗೆ ರೋಗ ಬಂದಿತ್ತು. 1845ರಲ್ಲಿ ಎಲೆ ಕಪ್ಪಾಯಿತು. ನೆಲದೊಳಗಿನ ಗೆಡ್ಡೆ ಕೊಳೆತು ನಾರಿತು. 1846ರಲ್ಲಿ ಬೆಳೆ ಪೂರಾ ಹೋಯಿತು. ಮುಂದಿನ ಕೆಲವು ವರ್ಷಗಳಲ್ಲಿ ಆ ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿಯಿತು. ಧಾನ್ಯದ ಹಡಗುಗಳು ಮಾತ್ರ ಐರ್ಲೆಂಡಿನ ಬಂದರುಗಳಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು.

ನಾನು ಅಂದುಕೊಂಡಿದ್ದೆ, ಬರ ಬಂತು, ಊರು ಸತ್ತಿತು, ಮುಗಿಯಿತು ಎಂದು. ಅಲ್ಲಿನ ಫಲಕ ಓದಿ ಬರುವ ಎಲ್ಲರೂ ಹಾಗೆಯೇ ತಿಳಿಯುತ್ತಾರೆ. ಆದರೆ ಸ್ಲೀವ್‌ಮೋರ್ ಹಾಗೆ ಸಾಯಲಿಲ್ಲ. ಬರ, ಬಾಕಿ ಬಿದ್ದ ಗೇಣಿ, 1850ರ ದಶಕದಲ್ಲಿ ದ್ವೀಪದ ದೊಡ್ಡ ಭಾಗವನ್ನು ಕೊಂಡ ನ್ಯಾಂಗಲ್‌ನ ಮಿಷನ್ನು, ಹೊಸ ಒಡೆಯರಿಗೆ ಹುಲ್ಲುಗಾವಲಿನ ಆಸೆ, ಮುರಿದುಬಿದ್ದ ರನ್‌ಡೇಲ್, ಎಲ್ಲ ಸೇರಿ ಜನ ಒಬ್ಬೊಬ್ಬರಾಗಿ ಬೆಟ್ಟ ಇಳಿದರು. ಬಹಳ ದೂರ ಹೋಗಲಿಲ್ಲ. ಕೆಳಗೆ ಕಡಲ ದಂಡೆಯ ಡೂಆ ಎಂಬಲ್ಲಿ ನೆಲೆಸಿದರು. ಅಲ್ಲಿ ಬೆಳೆ ಹೋದರೂ ಮೀನಾದರೂ ಸಿಗುತ್ತಿತ್ತು.

ಇಳಿದ ಮೇಲೆ ಆದದ್ದೇ ನನಗೆ ಈ ಊರಿನ ನಿಜವಾದ ಕತೆ. ಪ್ರತಿ ಬೇಸಗೆ ಅವರು ಹಿಂತಿರುಗಿ ಬರುತ್ತಿದ್ದರು. ಅವರು ಎಂದರೆ ಎಲ್ಲರೂ ಅಲ್ಲ. ದನಗಳು, ದನಗಳ ಹಿಂದೆ ಹುಡುಗಿಯರು. 'ಬೂಲಿ' ಎಂದು ಇದಕ್ಕೆ ಹೆಸರು. ಮೇ ತಿಂಗಳಲ್ಲಿ ಕೆಳಗಿನ ಹೊಲದಲ್ಲಿ ಬೆಳೆ ಏಳುವ ಹೊತ್ತಿಗೆ ದನಗಳನ್ನು ಬೆಟ್ಟದ ಹುಲ್ಲಿಗೆ ಹೊಡೆದು, ಚಳಿ ಬರುವವರೆಗೆ ಅಲ್ಲೇ ಇರುವುದು. ಐರ್ಲೆಂಡಿನ ಎಷ್ಟೋ ಕಡೆ ಇದ್ದ ಪದ್ಧತಿ, ಉಳಿದೆಡೆ ಬೇಗ ನಿಂತುಹೋಯಿತು. ಇಲ್ಲಿ ಮಾತ್ರ ಅಪ್ಪ ಅಜ್ಜ ಬಿಟ್ಟುಹೋದ ಮನೆಗಳೇ ಬೂಲಿಯ ಬಿಡಾರಗಳಾದವು. ಹುಡುಗಿಯರು ಕೆಲವಕ್ಕೆ ಮತ್ತೆ ಹುಲ್ಲು ಹೊದಿಸಿದ ಮನೆಯಲ್ಲಿ ಒಲೆ ಹಚ್ಚಿದರು. ಎರಡು ಹೊತ್ತು ಹಾಲು ಕರೆದರು, ಬೆಣ್ಣೆ ಕಡೆದರು, ನೂಲು ತೆಗೆದರು, ಹೆಣೆದರು. ಬೆಣ್ಣೆ ಕೆಳಗಿಳಿದು ಗೇಣಿಯ ದುಡ್ಡಾಗುತ್ತಿತ್ತು.

ಮೇ ಒಂದನೆಯ ತಾರೀಖಿನ ಬೆಳಗ್ಗೆ ಬಹಳ ಎಚ್ಚರ ಬೇಕಂತೆ. ಆ ದಿನ ಮಾಟ ಬಲ್ಲ ಹೆಂಗಸು ಬೇರೆಯವರ ಬಾವಿಯ ಮೊದಲ ನೀರನ್ನೋ ಹುಲ್ಲಿನ ಇಬ್ಬನಿಯನ್ನೋ ಎತ್ತಿಕೊಂಡರೆ ವರ್ಷವಿಡೀ ಇವರ ಹಾಲಿನ ಬೆಣ್ಣೆ ಅವಳ ಮಡಕೆಗೆ ಹೋಗುತ್ತದೆಂಬ ನಂಬಿಕೆ. ಪಕ್ಕದ ಮನೆಯ ಅಜ್ಜಿ ಇದನ್ನು ಹೇಳುವಾಗ, ಕಡೆಗೋಲು ಹಿಡಿದು ಕೂತ ನಮ್ಮಮ್ಮ ಹೊಸಬರು ಅಂಗಳಕ್ಕೆ ಬಂದರೆ ಸೆರಗಿನಲ್ಲಿ ಬೆಣ್ಣೆಯ ಪಾತ್ರೆ ಮುಚ್ಚುತ್ತಿದ್ದುದು ನೆನಪಾಗಿ ನಗು ಬಂತು. ಆಕೆಯ ಅಜ್ಜಿ ಹುಡುಗಿಯಾಗಿದ್ದಾಗ ಬೂಲಿಗೆ ಹೋದವರು. "ಮದುವೆಯಾದ ಮೇಲೆ ಎಷ್ಟೋ ಕಷ್ಟ ಪಟ್ಟಳು. ಆದರೆ ಬೆಟ್ಟದ ಮೇಲಿನ ಆ ಬೇಸಗೆಗಳ ಮಾತು ಬಂದರೆ ಮಾತ್ರ ಅವಳ ಮುಖ ಬೇರೆಯಾಗುತ್ತಿತ್ತು" ಎಂದರು. ಈ ಹೋಗಿಬರುವಿಕೆ ನಡೆದದ್ದು 1940ರ ದಶಕದವರೆಗೆ. ಬರ ಬಂದ ನೂರು ವರ್ಷದ ಮೇಲೂ, 'ಸತ್ತ' ಊರಿನಲ್ಲಿ ಬೇಸಗೆಗೊಮ್ಮೆ ಹೊಗೆ ಏಳುತ್ತಿತ್ತು. ಊರನ್ನು ಕೊನೆಗೆ ಬಿಟ್ಟವರು ಹಾಲು ಕರೆಯುವ ಹುಡುಗಿಯರು.

ಬೆಣ್ಣೆಯ ದುಡ್ಡು ಸಾಲದಾದಾಗ ಇದೇ ಹುಡುಗಿಯರೂ ಅವರ ಅಣ್ಣತಮ್ಮಂದಿರೂ ಸ್ಕಾಟ್ಲೆಂಡಿಗೆ ಆಲೂಗೆಡ್ಡೆ ಕೀಳಲು ಹೋಗುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಮಂಡಿಯೂರಿ ಕೆಲಸ, ರಾತ್ರಿ ದನದ ಕೊಟ್ಟಿಗೆಯಲ್ಲೋ ಜೋಪಡಿಯಲ್ಲೋ ಹುಲ್ಲಿನ ಹಾಸಿಗೆ. 1894ರ ಜೂನ್ 14ರಂದು ಅಕಿಲ್‌ನಿಂದ ಹೀಗೆ ಹೊರಟ ನೂರಕ್ಕೂ ಹೆಚ್ಚು ಮಂದಿಯ ಹಾಯಿದೋಣಿ, ವೆಸ್ಟ್‌ಪೋರ್ಟ್ ಬಂದರು ಇನ್ನೇನು ಬಂತು ಎನ್ನುವಾಗ ಮಗುಚಿತು. ತಾವು ಹತ್ತಬೇಕಾದ ಉಗಿಹಡಗನ್ನು ನೋಡುವ ಆಸೆಗೆ ಎಲ್ಲರೂ ಒಂದೇ ಪಕ್ಕಕ್ಕೆ ಬಂದರಂತೆ. ಅದುವರೆಗೆ ಉಗಿಹಡಗು ನೋಡಿರದ ಮಕ್ಕಳು! 32 ಜನ ಮುಳುಗಿದರು. ಅವರಲ್ಲಿ ಹಲವರು ಹದಿಹರೆಯದ ಹುಡುಗಿಯರು. ದ್ವೀಪದ ಕಡೆಗೆ ಹೊಸದಾಗಿ ಹಾಕುತ್ತಿದ್ದ ರೈಲುಹಳಿ ಇನ್ನೂ ಸಾರ್ವಜನಿಕರಿಗೆ ತೆರೆದಿರಲಿಲ್ಲ. ಅದರ ಮೇಲೆ ಓಡಿದ ಮೊದಲ ರೈಲು ಈ ಹೆಣಗಳನ್ನು ತಂದಿತು. 1937ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್‌ನಲ್ಲಿ, ಮಲಗಿದ್ದ ಜೋಪಡಿಗೆ ಬೆಂಕಿ ಬಿದ್ದು ಅಕಿಲ್‌ನ ಹತ್ತು ಹುಡುಗರು ಸತ್ತರು. ಅವರ ಶವಗಳೂ ಅದೇ ಹಳಿಯ ಮೇಲೆ ಬಂದವು. ಕೆಲವೇ ದಿನಗಳಲ್ಲಿ ಆ ರೈಲು ನಿಂತುಹೋಯಿತು. ಕಬ್ಬಿಣದ ಗಾಲಿಯ ಬೆಂಕಿಬಂಡಿ ಮೊದಲ ಸಲವೂ ಕೊನೆಯ ಸಲವೂ ಹೆಣ ಹೊರುತ್ತದೆಂದು ಹಿಂದೆ ಒಬ್ಬ ಕಾಲಜ್ಞಾನಿ ಹೇಳಿದ್ದನೆಂದು ಅಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ. ದುಃಖ ತಡೆಯಲಾರದಷ್ಟಾದಾಗ ಅದು ಮೊದಲೇ ಬರೆದಿತ್ತು ಎಂದುಕೊಳ್ಳುವುದೇ ಸಮಾಧಾನವೇನೋ.

ಜರ್ಮನಿಯ ಲೇಖಕ ಹೈನ್ರಿಷ್ ಬ್ಯೋಲ್ 1950ರ ದಶಕದಲ್ಲಿ ಇಲ್ಲಿಗೆ ಬಂದು, ಈ ಬಿಟ್ಟ ಊರಿನ ಮೇಲೆ ಒಂದು ಅಧ್ಯಾಯವನ್ನೇ ಬರೆದ. ಅದಿರುವ ಪುಸ್ತಕ ಬಂದದ್ದು 1957ರಲ್ಲಿ. ಯುದ್ಧದಲ್ಲಿ ಬಾಂಬು ಬಿದ್ದ ಪಟ್ಟಣಗಳನ್ನು ಕಂಡವನು ಆತ. ಇಲ್ಲಿ ಯಾರೂ ಒಡೆಯದೆ ತಾನೇ ಕರಗಿದ ಊರನ್ನು ಕಂಡ. 1991ರಿಂದ ಪುರಾತತ್ವದ ವಿದ್ಯಾರ್ಥಿಗಳು ಇಲ್ಲಿ ಅಗೆಯತೊಡಗಿದರು. ಚಿನ್ನ ಬೆಳ್ಳಿಯೇನೂ ಸಿಗಲಿಲ್ಲ. ಸಿಕ್ಕಿದ್ದು ಬಣ್ಣದ ಚಿತ್ತಾರದ ಪಿಂಗಾಣಿಯ ಚೂರುಗಳು. ಗೇಣಿಗೆ ದುಡ್ಡಿಲ್ಲದ ಮನೆಯಲ್ಲೂ ಒಂದು ಚಂದದ ಬಟ್ಟಲಿಟ್ಟು ನೋಡುವ ಆಸೆ ಯಾರಿಗೋ ಇತ್ತು. ಅದು ಯಾರಿಗೆಂದು ನಮಗೆ ಹೇಳಬೇಕೆ?

ಆದರೆ ಅವಳ ಹೆಸರೇನು? ಅದೇ ಸಿಗುವುದಿಲ್ಲ. 1855ರಲ್ಲಿ ಅಚ್ಚಾದ ತೆರಿಗೆಯ ಪುಸ್ತಕದಲ್ಲಿ ಪ್ರತಿ ಟೌನ್‌ಲ್ಯಾಂಡಿನ ಗೇಣಿದಾರರ ಪಟ್ಟಿಯಿದೆ. ಅದು ಮನೆಯ ಯಜಮಾನರ ಪಟ್ಟಿ. ಸಾಮಾನ್ಯವಾಗಿ ಗಂಡ ಸತ್ತರೆ ಮಾತ್ರ ಹೆಂಗಸಿನ ಹೆಸರು ಅದಕ್ಕೆ ಬರುತ್ತಿತ್ತು. ಹೆಂಡತಿ ಮಕ್ಕಳ ಹೆಸರೆಲ್ಲ ಇದ್ದ 1841, 1851ರ ಜನಗಣತಿಯ ಕಾಗದಗಳು 1922ರ ಜೂನ್‌ನಲ್ಲಿ ಡಬ್ಲಿನ್‌ನ ದಾಖಲೆಮನೆಗೆ ಬಿದ್ದ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಅಂತರ್ಯುದ್ಧದ ಮೊದಲ ದಿನಗಳವು. ಹೀಗಾಗಿ ಬೆಟ್ಟದ ಮೇಲೆ ಮನೆಗಳು ನಿಂತಿವೆ, ಒಲೆಯ ಜಾಗ ಉಳಿದಿದೆ, ಬಟ್ಟಲಿನ ಚೂರೂ ಉಳಿದಿದೆ. ಆ ಬಟ್ಟಲಿನಲ್ಲಿ ಹಾಲು ಬಗ್ಗಿಸಿದವಳ ಹೆಸರು ಉಳಿದಿಲ್ಲ.

ಬೇರೆ ದೇಶದ ಮಾತು ಎಂದು ನಾನು ನಿಟ್ಟುಸಿರು ಬಿಡುವ ಹಾಗಿರಲಿಲ್ಲ. ನಮ್ಮ ತವರಿನ ಪಹಣಿಯಲ್ಲಿ ಮೊದಲು ಅಜ್ಜನ ಹೆಸರಿತ್ತು, ಆಮೇಲೆ ಅಪ್ಪನದು, ಈಗ ತಮ್ಮಂದಿರದು. ನಲವತ್ತು ವರ್ಷ ಆ ಕೊಟ್ಟಿಗೆಯಲ್ಲಿ ಹಾಲು ಕರೆದ ಅಮ್ಮನ ಹೆಸರು ಯಾವ ಕಾಗದದಲ್ಲೂ ಇಲ್ಲ. ತಮ್ಮಂದಿರು ಕೆಟ್ಟವರಲ್ಲ. ಯಾರಿಗೂ ಅದು ಹೊಳೆಯಲೇ ಇಲ್ಲ, ಅಷ್ಟೆ. ನನಗೂ ಹೊಳೆದದ್ದು ಅಲ್ಲಿ, ಆ ಬಾಗಿಲಿಲ್ಲದ ಬಾಗಿಲಲ್ಲಿ ನಿಂತಾಗ.

ಕೂಸು ಅಳತೊಡಗಿತು. ಮಗಳು ಒಂದು ಮುರುಕು ಗೋಡೆಯ ಮರೆಯಲ್ಲಿ ಗಾಳಿಗೆ ಬೆನ್ನು ಮಾಡಿ ಕೂತು ಹಾಲು ಕುಡಿಸಿದಳು. ಮಳೆ ಹನಿಯಿತು. ನಾವು ಕಾರಿಗೆ ಓಡಿದೆವು.

ಮರುದಿನ ಪಕ್ಕದ ಮನೆಗೆ ಹೋಗಿ, "ನಿಮ್ಮ ಅಜ್ಜಿಯ ಹೆಸರೇನು?" ಎಂದು ಕೇಳಿದೆ. ಅವರು ಹೇಳಿದರು. ಉಚ್ಚಾರಣೆ ನನಗೆ ಬರಲಿಲ್ಲ. ಮೂರು ಸಲ ಹೇಳಿಸಿಕೊಂಡು, ಹಾಲು ತರಕಾರಿಯ ಲೆಕ್ಕ ಬರೆಯುತ್ತಿದ್ದ ನನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಅದರ ಕೆಳಗೆ ಅಮ್ಮನ ಹೆಸರು ಬರೆದೆ. ಇಬ್ಬರ ಹೆಸರಿನ ಮುಂದೆಯೂ ಅವರವರ ಊರು. ಅಜ್ಜಿ ಬಗ್ಗಿ ನೋಡಿ, "ಈ ಎರಡನೆಯದು ಯಾರು?" ಎಂದರು. ಹೇಳಿದೆ. "ಅವಳೂ ಬೆಣ್ಣೆ ಕಡೆಯುತ್ತಿದ್ದಳೇ?" ಎಂದು ಕೇಳಿದರು.

"ಹೌದು" ಎಂದೆ. "ದಿನಾ."